ದೊಡ್ಡಮ್ಮ ಹಕ್ಕಿಗೆ ಎರೆಯುತ್ತಿದ್ದಳು

ಹೊನ್ನಾಳಿಯ ನನ್ನ ಬಾಡಿಗೆ ಕೋಣೆಯಲ್ಲಿ ಸಿಂಕ್ ಅಂತ ಇರುವುದು ಒಂದು ಮೊಳದಷ್ಟು ಜಾಗ. ಹೋದ ವಾರ ಅದರಲ್ಲಿ ಕೊತ್ತಂಬರಿ ಕಟ್ಟು ಬಿಚ್ಚಿ ತೊಳೆದು, ತಟ್ಟೆಯ ಮೇಲೆ ಹರಡಿ, ಬೇರೆ ಕೆಲಸಕ್ಕೆ ತಿರುಗಿದೆ. ಕಿಟಕಿಯ ಬಿಸಿಲು ಬಂದು ಒದ್ದೆ ಸೊಪ್ಪಿನ ಮೇಲೆ ಬಿದ್ದಿತ್ತು. ಬಿಸಿಲಿಗೆ ಕಾದ ಒದ್ದೆ ಕೊತ್ತಂಬರಿಗೆ ಒಂದು ವಾಸನೆ ಇರುತ್ತದೆ. ಸಾರಿಗೆ ಹಾಕಿದಾಗ ಬರುವುದಲ್ಲ, ಬೇರೆ. ಸ್ವಲ್ಪ ಮಣ್ಣು, ಸ್ವಲ್ಪ ಹಸಿರು... ಅದು ಮೂಗಿಗೆ ಬಂದದ್ದೇ ತಡ, ತಿರುಗಿ ತಟ್ಟೆಯ ಕಡೆ ನೋಡಿದೆ. ಹಕ್ಕಿಯೊಂದು ಅದರಲ್ಲಿ ಹೊರಳಾಡುತ್ತಿರಬೇಕು ಅಂತ ಕಣ್ಣು ತಾನಾಗಿಯೇ ಹುಡುಕಿತು. ಹಕ್ಕಿ ಇರಲಿಲ್ಲ. ಇರಲು ಕಾರಣವೂ ಇರಲಿಲ್ಲ.

ವಾಸನೆಯೊಂದು ಮನುಷ್ಯರನ್ನು ವರ್ಷಗಟ್ಟಲೆ ಹಿಂದಕ್ಕೆ ಎಳೆಯುತ್ತದೆ ಅಂತ ಯಾರಾದರೂ ಬರೆದರೆ, ಯಾರು ಅಳೆದರು, ಯಾವ ಅಳತೆಗೋಲಿನಿಂದ ಅಂತ ಕೇಳುವವಳು ನಾನು. ಕೋರ್ಟಿನಲ್ಲಿ ಹಿರಿಯ ವಕೀಲರ ಹಿಂದೆ ಫೈಲು ಹಿಡಿದು ನಿಲ್ಲಲು ಶುರು ಮಾಡಿದ ಮೇಲೆ ಈ ಚಟ ಇನ್ನಷ್ಟು ಹೆಚ್ಚಾಗಿದೆ. ಆದರೂ ಆ ದಿನ ಸೊಪ್ಪು ಬಾಡುವವರೆಗೂ ನಾನು ಅಲ್ಲೇ ನಿಂತಿದ್ದೆ. ಸಾಕ್ಷಿಯೂ ನಾನೇ, ಪಾಟೀಸವಾಲು ಹಾಕುವವಳೂ ನಾನೇ. ಎಷ್ಟು ತಿರುಗಿಸಿ ಕೇಳಿದರೂ ಸಾಕ್ಷಿ ಮಾತು ಬದಲಿಸಲಿಲ್ಲ.

ಜಗಳೂರಿನ ನಮ್ಮ ಓಣಿಯಲ್ಲಿ ಅವಳನ್ನು ಎಲ್ಲರೂ ದೊಡ್ಡಮ್ಮ ಅನ್ನುತ್ತಿದ್ದರು. ಯಾರಿಗೂ ರಕ್ತಸಂಬಂಧವಲ್ಲ. ಓಣಿಯ ಕೂಸುಗಳಿಗೆ ಎರೆಯುವುದು ಅವಳ ಕೆಲಸ. ಬಾಣಂತಿ ಆಸ್ಪತ್ರೆಯಿಂದ ಮನೆಗೆ ಬಂದಳೆಂದರೆ ಮಾರನೆಯ ದಿನ ಬೆಳಿಗ್ಗೆ ಇವಳು ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಬಂದಿರುತ್ತಿದ್ದಳು. ಬಚ್ಚಲಲ್ಲಿ ಕಾಲು ಚಾಚಿ ಕೂತು, ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿ, ಚಾಚಿದ ಕಾಲುಗಳ ಮೇಲೆ ಕೂಸನ್ನು ಬೋರಲು ಮಲಗಿಸಿಕೊಳ್ಳುವಳು. ಎಣ್ಣೆ ತಿಕ್ಕುವಳು. ಹಂಡೆಯ ನೀರನ್ನು ಬೆರೆಸಿ ಬೆರೆಸಿ ಹದಕ್ಕೆ ತರುವಳು. ಮೊದಲ ಚೆಂಬಿಗೆ ಕೂಸು ಓಣಿಯೇ ಎದ್ದು ಬರುವಂತೆ ಅಳುತ್ತಿತ್ತು, ಮೂರನೆಯ ಚೆಂಬಿಗೆ ಸುಮ್ಮನಾಗುತ್ತಿತ್ತು, ಆರನೆಯದಕ್ಕೆ ಅಲ್ಲೇ ಕಣ್ಣು ಮುಚ್ಚುತ್ತಿತ್ತು. ಕಡೆಗೆ ಕೆಂಡದ ಮೇಲೆ ಬೆಳ್ಳುಳ್ಳಿ ಸಿಪ್ಪೆ, ಓಮ, ಲೋಬಾನ ಹಾಕಿ ಕೂಸಿನ ತಲೆಗೂ ಮೈಗೂ ಹೊಗೆ ಹಿಡಿಸಿ, ಬಟ್ಟೆಯಲ್ಲಿ ಸುತ್ತಿ ತಾಯಿಯ ಪಕ್ಕಕ್ಕೆ ಕೊಟ್ಟರೆ ಅವಳ ಕೆಲಸ ಮುಗಿಯಿತು. ಮೂರು ತಿಂಗಳು ಹೀಗೆ. ಓಣಿಯಲ್ಲಿ ನನ್ನ ಓರಗೆಯವರು, ನನಗಿಂತ ಚಿಕ್ಕವರು ಎಲ್ಲರ ಬೆನ್ನೂ ಅವಳ ಕೈ ಕೆಳಗೆ ಹಾದುಹೋದದ್ದೇ.

ನನ್ನದೂ ಸೇರಿ. ಇದು ಸಣ್ಣ ಮಾತಲ್ಲ, ಹೇಳಿಬಿಡುತ್ತೇನೆ. ನಮ್ಮಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ನಮ್ಮ ಪಡಸಾಲೆಯ ಗೋಡೆ ಮೇಲೆ ಬುದ್ಧನ ಫೋಟೋ ಇತ್ತು. ಆ ಓಣಿಗೆ ಬಾಡಿಗೆಗೆ ಬಂದಾಗ ನಾವು ಯಾವ ಕೇರಿಯವರು ಅಂತ ಓಣಿಗೆ ಗೊತ್ತಾಗಲು ಎರಡು ದಿನ ಸಾಕಾಯಿತಂತೆ. ಆಮೇಲೆ ಅಮ್ಮನನ್ನು ಅರಿಶಿನ ಕುಂಕುಮಕ್ಕೆ ಕರೆಯುವವರು ಕರೆಯಲು ಮರೆಯತೊಡಗಿದರು. ನಾನು ಹುಟ್ಟಿದಾಗ ಕರೆಯದೇ ಬಂದವಳು ದೊಡ್ಡಮ್ಮ. ಒಳಗೆ ಬಂದು, ಬಚ್ಚಲು ಯಾವ ಕಡೆ ಅಂತಷ್ಟೇ ಕೇಳಿದಳಂತೆ. ಅಮ್ಮ ಇದನ್ನು ನನಗೆ ಒಂದೇ ಸಲ ಹೇಳಿದ್ದು, ಅದೂ ಪಾತ್ರೆ ಬೆಳಗುತ್ತಾ, ನನ್ನ ಕಡೆ ನೋಡದೆ.

ದೊಡ್ಡಮ್ಮ ಮಾತ್ರ ನನಗೆ ಎರೆದದ್ದನ್ನು ದಿನಕ್ಕೊಂದು ಸಲ ಆಡಿ ತೋರಿಸುತ್ತಿದ್ದಳು, ಬೇರೆ ಲೆಕ್ಕದಲ್ಲಿ. ಎಣ್ಣೆ ಹಚ್ಚಿ ಮೂಗು ಎಳೆದರೆ ಮೂಗು ನೆಟ್ಟಗಾಗುವುದಿಲ್ಲ, ಅದು ಹುಟ್ಟಿನಿಂದ ಬರುವಂಥದ್ದು ಅಂತ ನಾನು ಕಾಲೇಜು ಸೇರಿದ ಹೊಸದರಲ್ಲಿ ಅವಳಿಗೆ ವಿವರಿಸಿದಾಗ ಅವಳು ಕೇಳಿಸಿಕೊಂಡು ಹೇಳಿದ್ದು:

“ನಿನ್ನ ಮೂಗು ತಿದ್ದಿದ್ದು ನಾನು. ಈಗ ಅದೇ ಮೂಗು ಎತ್ಕಂಡು ನನ್ನ ಮುಂದೆ ಮಾತಾಡಾಕೆ ಬಂದೀಯ.”



ಹಕ್ಕಿ ಬಂದದ್ದು ನಾನು ಡಿಗ್ರಿ ಎರಡನೆಯ ವರ್ಷದಲ್ಲಿದ್ದಾಗ. ಓಣಿಯ ಕೊನೆಯ ಮನೆಯಲ್ಲಿ ಬಾಡಿಗೆಗಿದ್ದ ಮೇಷ್ಟ್ರ ಸಂಸಾರಕ್ಕೆ ಚನ್ನಗಿರಿಗೆ ವರ್ಗವಾಯಿತು. ಅವರ ಮಗಳಿಗೆ ಎರೆದವಳು ದೊಡ್ಡಮ್ಮ. ಹೊಸ ಮನೆಯ ಯಜಮಾನರು ಹಕ್ಕಿ ಪಕ್ಷಿ ಬೇಡ ಅಂದಿದ್ದರಿಂದ ಪಂಜರವನ್ನು ತಂದು ದೊಡ್ಡಮ್ಮನ ಜಗುಲಿ ಮೇಲಿಟ್ಟು, ನಿಮ್ಮ ಕೈಗೆ ಬಿದ್ದ ಮೇಲೆ ಇದಕ್ಕೇನೂ ಆಗಲ್ಲ ಅಂತ ಹೇಳಿ ಹೋದರು. ಕಾಕಟೀಲ್ ಅದು. ಬೂದು ಮೈ, ಹಳದಿ ತಲೆ, ತಲೆ ಮೇಲೆ ನೆಟ್ಟಗೆ ನಿಲ್ಲುವ ಜುಟ್ಟು, ಎರಡು ಕೆನ್ನೆಗೂ ಕಾಸಿನಗಲ ಕಿತ್ತಳೆ ಬಣ್ಣ. ಓಣಿಯವರು ಅದನ್ನು ಗಿಳಿ ಅಂದರು. ನಮ್ಮ ಕಡೆಯ ಗಿಳಿಯಲ್ಲ ಅಂತ ನಾನು ಮನೆಮನೆಗೂ ತಿದ್ದಿದೆ, ಯಾರೂ ಕೇಳಲಿಲ್ಲ. ದೊಡ್ಡಮ್ಮ ಅದನ್ನು ಕೂಸು ಅಂದಳು. ಅದನ್ನು ತಿದ್ದಲು ಹೋಗಲಿಲ್ಲ.

ಮೊದಲ ಸ್ನಾನ ನೋಡಬೇಕಿತ್ತು. ದೊಡ್ಡಮ್ಮನಿಗೆ ಗೊತ್ತಿದ್ದದ್ದು ಒಂದೇ ರೀತಿ. ಬಚ್ಚಲಲ್ಲಿ ಕಾಲು ಚಾಚಿ ಕೂತಳು, ಹಕ್ಕಿಯನ್ನು ಕಾಲ ಮೇಲೆ ಮಲಗಿಸಲು ನೋಡಿದಳು, ಚೆಂಬು ಎತ್ತಿದಳು. ಮುಂದಿನದು ಸರಿಯಾಗಿ ಕಾಣಲಿಲ್ಲ. ಆ ಜಾತಿಯ ಹಕ್ಕಿಯ ಮೈಯಿಂದ ಬಿಳಿ ಪುಡಿ ಉದುರುತ್ತದೆ, ರೆಕ್ಕೆ ಬಡಿದ ರಭಸಕ್ಕೆ ಬಚ್ಚಲೆಲ್ಲ ಪೌಡರ್ ಡಬ್ಬಿ ಒಡೆದ ಹಾಗಾಯಿತು. ದೊಡ್ಡಮ್ಮ ಹೊರಗೆ ಬಂದಾಗ ಬೆರಳಿಂದ ರಕ್ತ ಸೋರುತ್ತಿತ್ತು. ಇಷ್ಟು ವರ್ಷ ಹಲ್ಲಿಲ್ಲದವರಿಗೇ ಎರೆದು ಕಚ್ಚಿಸಿಕೊಳ್ಳುವ ಅಭ್ಯಾಸ ತಪ್ಪಿತ್ತು ಅಂತ ನಕ್ಕಳು.

ಕೊತ್ತಂಬರಿಯ ಉಪಾಯ ಅವಳೂ ಹುಡುಕಿದ್ದಲ್ಲ, ನಾನೂ ಅಲ್ಲ, ಹಕ್ಕಿಯೇ. ಒಂದು ಭಾನುವಾರ ದೊಡ್ಡಮ್ಮ ಸೊಪ್ಪು ತೊಳೆದು ಅಗಲ ತಟ್ಟೆಯಲ್ಲಿ ಹರಡಿ ಜಗುಲಿಯ ಬಿಸಿಲಲ್ಲಿಟ್ಟಿದ್ದಳು. ಪಂಜರದ ಬಾಗಿಲು ತೆಗೆದಿತ್ತು. ಅದು ಕಟ್ಟೆ ಮೇಲೆ ಸಣ್ಣ ಸಣ್ಣ ಹೆಜ್ಜೆ ಹಾಕುತ್ತಾ ಬಂದು, ತಟ್ಟೆಯ ಅಂಚಿನ ಮೇಲೆ ನಿಂತು, ತಲೆ ಓರೆ ಮಾಡಿ ನೋಡಿ, ಒಮ್ಮೆಲೇ ಎದೆ ಊರಿ ಸೊಪ್ಪಿನೊಳಗೆ ಬಿದ್ದುಬಿಟ್ಟಿತು. ಒಂದು ಕೆನ್ನೆ ಉಜ್ಜಿತು, ಇನ್ನೊಂದು ಕೆನ್ನೆ ಉಜ್ಜಿತು, ರೆಕ್ಕೆ ಬಿಚ್ಚಿ ಎಲೆಗಳ ಮೇಲೆ ಎಳೆಯಿತು. ಎಲೆಗಂಟಿದ್ದ ಹನಿಹನಿ ನೀರೇ ಅದಕ್ಕೆ ಸಾಕಿತ್ತು. ದೊಡ್ಡಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತು ಪೂರ್ತಿ ನೋಡಿದಳು. ಆ ದಿನ ಅವಳ ಮನೆಯ ಸಾರಿಗೆ ಕೊತ್ತಂಬರಿ ಇರಲಿಲ್ಲ.

ಅಂದಿನಿಂದ ಭಾನುವಾರ ಹತ್ತು ಗಂಟೆ ನನ್ನ ಪಾಲಿಗೆ ಬೇರೆಯೇ ಹೊತ್ತಾಯಿತು. ಜಗುಲಿಗೆ ಬಿಸಿಲು ತುಂಬಿ ಬರಬೇಕು, ಗಾಳಿ ಇರಬಾರದು, ಬೆಕ್ಕು ಎಲ್ಲಿದೆ ಅಂತ ಮೊದಲು ನೋಡಿಕೊಳ್ಳಬೇಕು. ನೀರು ಬೋರಿನದಲ್ಲ. ನಮ್ಮ ಕಡೆಯ ಬೋರಿನ ನೀರು ಒಣಗಿದರೆ ಪಾತ್ರೆಯ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಗರಿಯ ಮೇಲೂ ಕಟ್ಟಿತ್ತು. ಅದಕ್ಕೇ ದೊಡ್ಡಮ್ಮ ಕುಡಿಯುವ ಫಿಲ್ಟರ್ ನೀರಿನ ಕ್ಯಾನಿಂದಲೇ ಎರಡು ಲೋಟ ತೆಗೆಯುತ್ತಿದ್ದಳು. ಜನ ಕುಡಿಯಲು ಸಾಲು ನಿಂತು ತರುವ ನೀರಲ್ಲಿ ಇವಳ ಗಿಳಿ ಮೀಯುತ್ತದೆ ಅಂತ ಓಣಿಯಲ್ಲಿ ಮಾತಾಯಿತು. ನಿಮ್ಮ ಮಕ್ಕಳಿಗೂ ನಾನು ಇಂಥದ್ದೇ ಮುತುವರ್ಜಿ ಮಾಡಿದ್ದೆ, ಆವಾಗ ಯಾರೂ ಲೋಟ ಎಣಿಸಲಿಲ್ಲ ಅಂತ ಇವಳು ಜಗುಲಿಯಿಂದಲೇ ಉತ್ತರ ಕೊಟ್ಟಳು.

ತೊಯ್ದ ಮೇಲೆ ಹಕ್ಕಿ ಅರ್ಧಕ್ಕರ್ಧ ಇಳಿದುಬಿಡುತ್ತಿತ್ತು. ಜುಟ್ಟು ಬೆನ್ನಿಗಂಟಿ, ಕತ್ತು ದಾರದಂತಾಗಿ, ಥೇಟ್ ಸಣ್ಣ ಇಲಿ. ನಾನು ನಕ್ಕರೆ ದೊಡ್ಡಮ್ಮನಿಗೆ ಸಿಟ್ಟು. ತೊಯ್ದಾಗ ಎಲ್ಲರೂ ಇಷ್ಟೇ ಇರುವುದು, ನೀನೂ ಇಷ್ಟೇ ಇದ್ದೆ ಅನ್ನುವಳು.

ಉಗುರು ಕತ್ತರಿಸುವ ದಿನ ನನ್ನ ಕೆಲಸ ಹಿಡಿದುಕೊಳ್ಳುವುದು. ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ, ಎದೆ ಒತ್ತದಂತೆ ಕತ್ತಿನ ಎರಡೂ ಬದಿಗೆ ಬೆರಳಿಟ್ಟು ಹಿಡಿಯಬೇಕು. ಬೆರಳ ತುದಿಯಲ್ಲಿ ಅದರ ಎದೆಬಡಿತ ಎಣಿಸಲಾಗದಷ್ಟು ಜೋರಾಗಿ ಓಡುತ್ತಿತ್ತು. ಮೊಬೈಲ್ ಟಾರ್ಚು ಹಿಂದಿನಿಂದ ಬಿಟ್ಟರೆ ಉಗುರಿನೊಳಗೆ ರಕ್ತದ ಗೆರೆ ಕಾಣುತ್ತದೆ, ಅದರ ಈಚೆಗೆ ಒಂದು ಚೂರು ಮಾತ್ರ ಕತ್ತರಿಸಬೇಕು. ಒಂದು ಸಲ ಚೂರು ಹೆಚ್ಚಾಗಿ ರಕ್ತ ಬಂತು. ಮೈದಾ ಹಿಟ್ಟು ಒತ್ತಬೇಕು ಅಂತ ನಾನು, ಅರಿಶಿನ ಅಂತ ಅವಳು. ವಾದ ಮುಗಿಯುವಷ್ಟು ಪುರುಸೊತ್ತು ಇರಲಿಲ್ಲ, ಎರಡನ್ನೂ ಬೆರೆಸಿ ಒತ್ತಿದೆವು. ರಕ್ತ ನಿಂತಿತು. ಯಾವುದರಿಂದ ನಿಂತಿತು ಅನ್ನುವ ಪ್ರಕರಣ ಇನ್ನೂ ಬಾಕಿ ಇದೆ.

ಗರಿ ಉದುರಿ ಹೊಸದು ಬರುವ ಕಾಲದಲ್ಲಿ ಹಕ್ಕಿಯ ಮೈತುಂಬ ಮುಳ್ಳೇಳುತ್ತಿತ್ತು. ಹೊಸ ಗರಿ ಒಂದು ಬಿಳಿ ಪೊರೆಯೊಳಗೆ ಸುರುಳಿಯಾಗಿ ಬರುತ್ತದೆ, ಪೊರೆ ಒಡೆದರೆ ಮಾತ್ರ ಬಿಚ್ಚಿಕೊಳ್ಳುತ್ತದೆ. ಎದೆಯ ಮೇಲಿನದನ್ನು, ರೆಕ್ಕೆಯದನ್ನು ಹಕ್ಕಿ ತಾನೇ ಕೊಕ್ಕಿನಿಂದ ಬಿಡಿಸಿಕೊಳ್ಳುತ್ತಿತ್ತು. ತಲೆ ಮತ್ತು ಕತ್ತಿನ ಹಿಂಭಾಗಕ್ಕೆ ಅದರ ಕೊಕ್ಕು ಎಟುಕದು. ಜೋಡಿ ಇದ್ದರೆ ಜೋಡಿ ಮಾಡಿಕೊಡುತ್ತದೆಯಂತೆ. ಇದು ಒಂಟಿ. ಹಾಗಾಗಿ ದೊಡ್ಡಮ್ಮನ ಮುಂದೆ ಬಂದು ತಲೆ ತಗ್ಗಿಸಿ ನಿಲ್ಲುತ್ತಿತ್ತು. ಅವಳು ಎರಡು ಬೆರಳ ನಡುವೆ ಒಂದೊಂದೇ ಮುಳ್ಳನ್ನು ಹಿಡಿದು, ಹೂಬತ್ತಿ ಹೊಸೆಯುವ ಹಾಗೆ ಮೆಲ್ಲಗೆ ತಿರುವುವಳು. ಪೊರೆ ಪುಡಿಯಾಗಿ ಉದುರುತ್ತಿತ್ತು, ಒಳಗಿಂದ ಹಳದಿ ಕುಚ್ಚು ಹೊರಗೆ ಬರುತ್ತಿತ್ತು. ಬಲಿಯದ ಮುಳ್ಳನ್ನು ಮುಟ್ಟಿದರೆ ನೋವು, ಅದನ್ನು ಹೇಗೆ ಗುರುತಿಸುತ್ತೀ ಅಂತ ಕೇಳಿದ್ದಕ್ಕೆ ಅವಳು ನನ್ನ ಬೆರಳನ್ನೇ ಹಿಡಿದು ಅದರ ಕತ್ತಿನ ಮೇಲಿಟ್ಟು ಕಲಿಸಿದಳು. ಬಲಿತದ್ದು ಒಣಗಿರುತ್ತದೆ, ಎಳೆಯದು ತಣ್ಣಗೆ ಒದ್ದೆ ಅನಿಸುತ್ತದೆ. ಓದಿ ಕಲಿಯುವಂಥದ್ದಲ್ಲ ಅದು.

ನಾನು ಆ ಜಗುಲಿಯಲ್ಲೇ ಚರ್ಚಾಸ್ಪರ್ಧೆಗಳಿಗೆ ತಯಾರಾಗುತ್ತಿದ್ದೆ. ಚೀಟಿ ಎತ್ತಿದ ಮೇಲೆ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಅದೇ ವಿಷಯವನ್ನು ಬೆಳಿಗ್ಗೆ ಒಂದು ಕಡೆಯಿಂದ, ಸಂಜೆ ಇನ್ನೊಂದು ಕಡೆಯಿಂದ ಒಪ್ಪಿಸುತ್ತಿದ್ದೆ. ದೊಡ್ಡಮ್ಮ ಹಕ್ಕಿಯ ಕತ್ತು ನೀವುತ್ತಾ ಕೇಳುವಳು. ಒಂದು ದಿನ ನಡುವೆ ತಡೆದಳು.

“ಎರಡೂ ಕಡೆ ಚೆನ್ನಾಗೇ ಮಾತಾಡ್ತೀಯ. ನಿಂದು ಯಾವ ಕಡೆ?”

ಸ್ಪರ್ಧೆಯಲ್ಲಿ ಅದು ಮುಖ್ಯವಲ್ಲ ಅಂದೆ. ಅವಳು ಹೂಂ ಅಂದಳು. ಆ ಹೂಂ ಒಪ್ಪಿಗೆಯದು ಅಂದುಕೊಂಡಿದ್ದೆ.

ಈಗ ಹೊಗೆಯ ವಿಷಯ. ಮಿಂದ ಹಕ್ಕಿಗೆ ದೊಡ್ಡಮ್ಮ ಪ್ರತಿ ಭಾನುವಾರ ಲೋಬಾನದ ಹೊಗೆ ತೋರಿಸುತ್ತಿದ್ದಳು, ದೂರದಿಂದ, ಶಾಸ್ತ್ರಕ್ಕೆ. ಕೂಸಿಗೆ ಎರೆದು ಹೊಗೆ ಹಾಕದೆ ಬಿಡುವುದು ಅವಳ ಪ್ರಕಾರ ಊಟ ಬಡಿಸಿ ನೀರಿಡದ ಹಾಗೆ. ಹಕ್ಕಿಯ ಪುಪ್ಪುಸ ಬೇರೆ ಥರ, ಹೊಗೆ ತಡೆಯದು ಅಂತ ನಾನು ಫೋನಿನಲ್ಲಿ ಓದಿ ಹೇಳಿದೆ. ಎಷ್ಟು ಕೂಸುಗಳಿಗೆ ಹಾಕಿದ್ದೇನೆ, ಯಾವುದಕ್ಕೆ ಏನಾಗಿದೆ ಅಂದಳು. ಕೂಸು ಬೇರೆ ಹಕ್ಕಿ ಬೇರೆ, ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟರೆ ವಾದ ಬೀಳುತ್ತದೆ ಅಂತ ನಾನು ತಾಂತ್ರಿಕವಾಗಿ ತಿದ್ದಿದೆ. ಹೀಗೆ ಎರಡು ಮೂರು ತಿಂಗಳು ಭಾನುವಾರದ ಕಾಫಿಯ ಜೊತೆ ಆ ಜಗಳ ಇರುತ್ತಿತ್ತು. ನಿಜ ಹೇಳಬೇಕೆಂದರೆ ನನಗೆ ಅದು ಮುಗಿಯುವುದು ಬೇಕಿರಲಿಲ್ಲ.

ಚಳಿಗಾಲದ ಒಂದು ಭಾನುವಾರ ಬೆಳಿಗ್ಗೆಯಿಂದ ಗಾಳಿ. ಬಯಲುಸೀಮೆಯ ಗಾಳಿ, ಮೈಗೆ ಚುಚ್ಚುವಂಥದ್ದು. ನಾನು ಹೋಗುವುದು ತಡವಾಗಿತ್ತು. ಹಕ್ಕಿ ಮಿಂದಿತ್ತು, ನಡುಗುತ್ತಿತ್ತು ಅಂತ ದೊಡ್ಡಮ್ಮ ಒಳಗೆ ತಂದು, ಬಾಗಿಲು ಕಿಟಕಿ ಹಾಕಿ, ಬೆಚ್ಚಗಾಗಲಿ ಅಂತ ಕೆಂಡದ ಬಟ್ಟಲನ್ನು ಹತ್ತಿರಕ್ಕೆ ಎಳೆದಿದ್ದಾಳೆ. ಮೇಲೆ ಲೋಬಾನ. ನಾನು ಬಾಗಿಲು ತಳ್ಳಿದಾಗ ಹಕ್ಕಿ ಪಂಜರದ ತಳದಲ್ಲಿ ಬಿದ್ದಿತ್ತು. ಬಾಯಿ ತೆರೆದಿತ್ತು. ಉಸಿರು ಎಳೆದಾಗಲೆಲ್ಲ ಬಾಲ ಮೇಲೆ ಕೆಳಗೆ ಆಡುತ್ತಿತ್ತು. ದೊಡ್ಡಮ್ಮ ಅದರ ಮುಂದೆ ಕೂತಿದ್ದಳು. ಅಷ್ಟು ಕೂಸುಗಳನ್ನು ಹಿಡಿದ ಕೈ ಎರಡೂ ಮಡಿಲಲ್ಲಿ ಬಿದ್ದಿದ್ದವು. ಎತ್ತಿಕೊಳ್ಳಲು ಅವಳಿಗೆ ಧೈರ್ಯವಾಗಿರಲಿಲ್ಲ.

ಪಂಚೆಯ ತುಂಡಿನಲ್ಲಿ ಸುತ್ತಿ ಹಿತ್ತಲಿಗೆ ತಂದೆ. ಗಾಳಿಗೆ ಬೆನ್ನು ಕೊಟ್ಟು, ಎದೆಗೆ ಅವುಚಿಕೊಂಡು ಗೋಡೆ ಮರೆಯಲ್ಲಿ ಕೂತೆ. ಅವಳು ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. ಎಷ್ಟು ಹೊತ್ತೋ... ಬಾಲದ ಆಟ ನಿಧಾನವಾಯಿತು, ಬಾಯಿ ಮುಚ್ಚಿತು, ಕೊನೆಗೆ ನನ್ನ ಬೆರಳನ್ನು ಒಮ್ಮೆ ಕಚ್ಚಿತು. ಉಳಿಯಿತು ಅಂತ ಅವಾಗ ಗೊತ್ತಾಯಿತು.

ನಾನು ಗೆದ್ದಿದ್ದೆ. ಗೆದ್ದವರು ಏನಾದರೂ ಹೇಳಬೇಕಲ್ಲ, ನೋಡಿದೆಯಾ ಅಂದೆ. ಅವಳು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಹಕ್ಕಿಯ ಎದೆಯನ್ನು ಬೆರಳಿಂದ ಮುಟ್ಟಿ ಕೇಳಿದಳು.

“ಕೂಸಿನ ಎದೆನೂ ಇಷ್ಟೇ ಅಲ್ವೇನೇ? ಕೆಮ್ತಿದ್ವು. ಹೊಗೆ ಹಾಕಿದಾಗ ಕೆಮ್ತಿದ್ವು. ಕಫ ಬಿಡ್ತಾ ಐತೆ ಅಂದ್ಕಂತಿದ್ದೆ ನಾನು.”

ಕೂಸು ಬೇರೆ ಹಕ್ಕಿ ಬೇರೆ ಅಂತ ಈ ಸಲ ನಾನು ಅನ್ನಲಿಲ್ಲ. ಆ ಸಂಜೆ ಓದಿ ನೋಡಿದೆ. ಕೂಸುಗಳಿಗೂ ಹೊಗೆ ಒಳ್ಳೆಯದಲ್ಲ ಅಂತ ಡಾಕ್ಟರುಗಳೂ ಹೇಳುತ್ತಾರೆ. ಮಾರನೆಯ ದಿನ ಹೇಳಿದೆ. ಅವಳಿಗೆ ನನ್ನ ಓದು ಬೇಕಿರಲಿಲ್ಲ, ಅಷ್ಟರಲ್ಲೇ ತೀರ್ಮಾನ ಮಾಡಿಬಿಟ್ಟಿದ್ದಳು. ಇನ್ನು ಮುಂದೆ ಎರೆಯುತ್ತೇನೆ, ಹೊಗೆ ಹಾಕುವುದಿಲ್ಲ.

ನಾನು ಕಂಡಿರುವ ಎಷ್ಟೋ ಚರ್ಚೆಗಳಲ್ಲಿ ಸೋತವರು ಸೋಲನ್ನು ಒಪ್ಪಿಕೊಂಡದ್ದಿದೆ, ಕೈ ಕುಲುಕಿದ್ದಿದೆ. ಸೋತ ವಾದವನ್ನು ಮನೆಗೆ ಕೊಂಡೊಯ್ದು ಅದರಂತೆ ಬದುಕಲು ಶುರು ಮಾಡಿದವರನ್ನು ಅವಳೊಬ್ಬಳನ್ನು ಬಿಟ್ಟು ಇನ್ನೂ ಕಂಡಿಲ್ಲ.

ಓಣಿ ಇದನ್ನು ಸುಲಭವಾಗಿ ನುಂಗಲಿಲ್ಲ. ಹೊಗೆ ಇಲ್ಲದೆ ಎರೆಯುವುದು ಎಂಥ ಎರೆಯುವುದು, ಕೂಸಿಗೆ ಶೀತ ಆದರೆ ಯಾರು ಹೊಣೆ, ಗಿಳಿ ಸಾಕಿದ ಮೇಲೆ ಇವಳಿಗೆ ಬುದ್ಧಿ ಕೆಟ್ಟಿದೆ ಅಂತ ಮಾತಾಯಿತು. ಒಂದು ಮನೆಯವರು ಹತ್ತು ದಿನಕ್ಕೆ ಬಿಡಿಸಿದರು. ಇನ್ನೊಂದು ಮನೆಯವರು ಕರೆಯಲೇ ಇಲ್ಲ. ಕೆಳಗಿನ ಓಣಿಯಲ್ಲಿ ಎರೆಯುವ ಇನ್ನೊಬ್ಬ ಹೆಂಗಸಿದ್ದಳು, ಅವಳಿಗೆ ಹೊಗೆಯ ಬಗ್ಗೆ ಯಾವ ಸಂಶಯವೂ ಇರಲಿಲ್ಲ. ಬೆಳಿಗ್ಗೆ ಏಳಕ್ಕೆ ಟವೆಲ್ಲು ಹೆಗಲಿಗೆ ಹಾಕಿ ಹೊರಡುತ್ತಿದ್ದ ದೊಡ್ಡಮ್ಮ ಏಳಕ್ಕೆ ಜಗುಲಿ ಮೇಲೆ ಕೂತಿರುವುದನ್ನು ಕಾಲೇಜಿಗೆ ಹೋಗುವಾಗ ನೋಡುತ್ತಿದ್ದೆ. ಅವಳ ಗಂಡ ಹೋಗಿ ಎಷ್ಟೋ ವರ್ಷ. ಓಣಿಯಲ್ಲಿ ಅವಳು ಯಾರು ಅನ್ನುವುದಕ್ಕೆ ಆ ಕೆಲಸ ಬಿಟ್ಟು ಬೇರೆ ಉತ್ತರ ಇರಲಿಲ್ಲ.

ಅದೇ ಬೇಸಿಗೆಗೆ ನಮ್ಮ ಅಕ್ಕ ಚೊಚ್ಚಲ ಬಾಣಂತನಕ್ಕೆ ಮನೆಗೆ ಬಂದಳು. ಹೆಣ್ಣು ಕೂಸು. ದೊಡ್ಡಮ್ಮ ನಮ್ಮ ಮನೆಗೆ ಬರುತ್ತಾಳೆ ಅನ್ನುವುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ, ಅವಳಿಗಂತೂ ಇರಲೇ ಇಲ್ಲ. ಬೆಳಿಗ್ಗೆ ಬಂದಳು. ಟವೆಲ್ಲು ಹೊಸದು.

ಅಕ್ಕನ ಅತ್ತೆ ತಮ್ಮೂರು ಸೊಕ್ಕೆಯಿಂದ ಹಿಂದಿನ ದಿನವೇ ಬಂದು ಕೂತಿದ್ದರು. ಕೆಂಡ ಮಾಡಿಡಿ ಅಂದರು. ದೊಡ್ಡಮ್ಮ, ಹೊಗೆ ಬೇಡ, ಬಿಸಿ ಬಟ್ಟೆಯಲ್ಲಿ ಸುತ್ತಿ ಮಲಗಿಸೋಣ ಅಂದಳು. ಅತ್ತೆ ದನಿ ಏರಿಸಲಿಲ್ಲ. ನಮ್ಮ ಮನೆ ಕೂಸಿಗೆ ನಮ್ಮ ಮನೆ ಪದ್ಧತಿ ಆಗಬೇಕು, ಆಗದಿದ್ದರೆ ನಾವು ಊರಿಗೇ ಕರೆದುಕೊಂಡು ಹೋಗಿ ಮಾಡಿಸ್ತೀವಿ ಅಂತ ನಗುತ್ತಲೇ ಹೇಳಿದರು. ಗೋಡೆ ಮೇಲೆ ಬುದ್ಧ ಇದ್ದರೂ ಬಾಣಂತನದ ಕೋಣೆಯಲ್ಲಿ ಅತ್ತೆಯಂದಿರ ಮಾತೇ ನಡೆಯುವುದು, ಅದು ಎಲ್ಲರ ಮನೆಯಲ್ಲೂ ಒಂದೇ. ಅಮ್ಮ ಮಂಚದ ಮೇಲಿದ್ದ ಅಕ್ಕನ ಮುಖ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ನನ್ನ ಹತ್ತಿರ ಬಂದು ಮೆಲ್ಲಗೆ ಅಂದಳು.

“ಸುಮ್ನಿರು. ಇದು ನಿನ್ನ ಸ್ಟೇಜ್ ಅಲ್ಲ.”

ಸುಮ್ಮನಿದ್ದೆ.

ನಾನು ಇದನ್ನು ಸುಲಭ ಮಾಡಿಕೊಳ್ಳಬಾರದು. ನನ್ನ ಪರವಾಗಿ ಹೇಳಬಹುದಾದದ್ದು ಬೇಕಾದಷ್ಟಿದೆ. ಅಕ್ಕನ ಸಂಸಾರ ಹೊಸದು. ಅತ್ತೆಯ ಎದುರು ನಾನು ಮಾತಾಡಿದ್ದರೆ ಅದರ ಬೆಲೆ ತೆರುವವಳು ಅವಳು. ನನಗೆ ಇನ್ನೂ ಇಪ್ಪತ್ತೊಂದು. ಇವೆಲ್ಲ ಸರಿಯಾದ ವಾದಗಳೇ. ಆದರೆ ಆ ಕೋಣೆಯಲ್ಲಿ ಹೊಗೆಯ ಬಗ್ಗೆ ಓದಿದವಳು ನಾನೊಬ್ಬಳೇ. ಮೂರು ತಿಂಗಳು ಅವಳ ಕಾಫಿ ಕುಡಿದು ಅವಳ ಬೆನ್ನು ಹತ್ತಿದ್ದವಳು ನಾನು. ದೊಡ್ಡಮ್ಮ ಬಾಗಿಲ ಹತ್ತಿರ ನಿಂತು ನನ್ನ ಕಡೆ ಒಮ್ಮೆ ನೋಡಿದಳು. ಬೇಡಿಕೊಳ್ಳುವ ನೋಟವಲ್ಲ ಅದು. ವೇದಿಕೆಯಲ್ಲಿ ಜೊತೆಗಾರ ಮಾತಾಡುವ ಸರದಿ ಬಂದಾಗ ನಾವು ಪಕ್ಕಕ್ಕೆ ತಿರುಗಿ ನೋಡುತ್ತೇವಲ್ಲ, ಹಾಗೆ. ನಾನು ಕೂಸಿನ ಟೋಪಿ ಸರಿ ಮಾಡುತ್ತಿದ್ದೆ.

“ಆತು ಬಿಡ್ರಿ,” ಅಂದಳು ಅತ್ತೆಗೆ. “ಕೂಸು ಚೆನ್ನಾಗಿರ್ಲಿ.”

ಮಧ್ಯಾಹ್ನದ ಹೊತ್ತಿಗೆ ಕೆಳಗಿನ ಓಣಿಯವಳು ಬಂದಳು. ಮನೆಯೆಲ್ಲ ಹೊಗೆ ತುಂಬಿತು. ಕೂಸು ಕೆಮ್ಮಿತು. ನಾನು ಹಿತ್ತಲಿಗೆ ಹೋದೆ.

ಮುಂದಿನ ಭಾನುವಾರ ನಾನು ಜಗುಲಿಗೆ ಹೋಗಲಿಲ್ಲ. ಅದರ ಮುಂದಿ‌ನದಕ್ಕೂ ಇಲ್ಲ. ದಾರಿಯಲ್ಲಿ ಸಿಕ್ಕರೆ ಊಟ ಆಯ್ತಾ ಅಂತ ಕೇಳುತ್ತಿದ್ದಳು, ಮೊದಲಿನಂತೆಯೇ. ಅವಳು ಒಂದು ಸಲ ಬೈದಿದ್ದರೆ, ಮೂತಿ ತಿರುವಿದ್ದರೆ, ನನ್ನ ಮೂಗಿನ ವಿಷಯ ಎತ್ತಿ ಆಡಿಕೊಂಡಿದ್ದರೆ ನನ್ನಲ್ಲಿ ಉತ್ತರ ಸಿದ್ಧವಿತ್ತು. ಅವಳು ಅವಕಾಶವನ್ನೇ ಕೊಡಲಿಲ್ಲ. ನಾನು ಕಾನೂನು ಓದಲು ದಾವಣಗೆರೆಗೆ ಹೋದೆ. ಮೊದಲ ವರ್ಷ ಮುಗಿಯುವಷ್ಟರಲ್ಲಿ ಅಮ್ಮ ಫೋನಿನಲ್ಲಿ, ಬೇರೆ ಏನೇನೋ ಸುದ್ದಿಯ ನಡುವೆ, ದೊಡ್ಡಮ್ಮ ಮಗಳ ಮನೆಗೆ ನ್ಯಾಮತಿಗೆ ಹೊರಟುಹೋದಳು ಅಂದಳು. ಬಸ್ಸಿನಲ್ಲಿ ಪಂಜರವನ್ನು ತೊಡೆ ಮೇಲಿಟ್ಟುಕೊಂಡು ಹೋದಳಂತೆ.

ಹೊನ್ನಾಳಿಯಿಂದ ನ್ಯಾಮತಿ ಎಷ್ಟು ದೂರ? ಬಸ್ಸು ಹತ್ತಿ ಒಂದು ನಿದ್ದೆ ತೆಗೆಯುವಷ್ಟೂ ಇಲ್ಲ. ನಾನು ಇಲ್ಲಿಗೆ ಬಂದು ಒಂದೂವರೆ ವರ್ಷ ಆದ ಮೇಲೆ ಆ ಬಸ್ಸು ಹತ್ತಿದೆ. ಸೂರಗೊಂಡನಕೊಪ್ಪದ ಜಾತ್ರೆಗೆ ಹೊರಟವರ ಗುಂಪಿನ ನಡುವೆ ನಿಂತು ಹೋದೆ. ಮೊದಲ ಮಾತು ಏನಾಡಬೇಕು ಅಂತ ದಾರಿಯುದ್ದಕ್ಕೂ ಮೂರು ರೀತಿ ಕಟ್ಟಿಕೊಂಡಿದ್ದೆ.

ಮಗಳು ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವರು. ನಾನು ಜಗಳೂರಿನವಳು ಅಂದ ಕೂಡಲೇ ಅವರಿಗೆ ಅರ್ಥವಾಯಿತು, ನನಗೆ ಅವರ ಮುಖ ನೋಡಿ ಅರ್ಥವಾಯಿತು. ಹೋದ ಮಳೆಗಾಲದಲ್ಲಿ. ರಾತ್ರಿ ಅವ್ವ ಎದೆ ಉರಿ ಅಂದಿದ್ದು, ಬೆಳಿಗ್ಗೆ ಇರಲಿಲ್ಲ. ಯಾರ ಫೋನ್ ನಂಬರೂ ಇರಲಿಲ್ಲ, ಹಂಗಾಗಿ ಜಗಳೂರಿಗೆ ತಿಳಿಸಾಕೆ ಆಗಲಿಲ್ಲ ಅಂದರು. ಅವರೇ ತಪ್ಪು ಮಾಡಿದವರ ಹಾಗೆ.

ಹಕ್ಕಿ ಇತ್ತು. ಕಿಟಕಿಯ ಹತ್ತಿರ, ಅದೇ ಪಂಜರದಲ್ಲಿ. ಗರಿ ಬಿಡುವ ಕಾಲ. ಮೈಯೆಲ್ಲ ನುಣುಪಾಗಿ, ಚೊಕ್ಕಟವಾಗಿ ಹೊಸ ಗರಿ ಬಂದಿತ್ತು, ತಲೆಯೊಂದು ಮಾತ್ರ ಮುಳ್ಳು ಮುಳ್ಳು. ಕತ್ತಿನ ಹಿಂದೆ ಬಿಳಿ ಮುಳ್ಳುಗಳು ಒತ್ತೊತ್ತಾಗಿ ನಿಂತಿದ್ದವು, ಪಂಜರದ ಸರಳಿಗೆ ಉಜ್ಜಿ ಉಜ್ಜಿ ಒಂದು ಕಡೆ ಕೆಂಪಾಗಿತ್ತು. ನಾವು ಮುಟ್ಟಿದರೆ ಕಚ್ಚುತ್ತದೆ ಅಂದರು ಮಗಳು. ನಾನು ಬಾಗಿಲು ತೆಗೆದು ಸುಮ್ಮನೆ ಕೂತೆ. ಅದಕ್ಕೆ ನನ್ನ ಗುರುತು ಸಿಕ್ಕಿತು ಅಂತ ನಾನು ಹೇಳುವುದಿಲ್ಲ, ಹಾಗನ್ನಲು ನನ್ನಲ್ಲಿ ಪುರಾವೆ ಇಲ್ಲ. ತುರಿಕೆ ತಡೆಯಲಾರದೆ ಬಂದಿರಬಹುದು. ಬಂತು. ನನ್ನ ಮುಂದೆ ತಲೆ ತಗ್ಗಿಸಿ ನಿಂತಿತು.

ಒಣಗಿದ್ದು ಯಾವುದು, ಎಳೆಯದು ಯಾವುದು ಅಂತ ಬೆರಳಿಗೆ ಇನ್ನೂ ನೆನಪಿತ್ತು. ಒಂದೊಂದೇ ಹಿಡಿದು ಹೊಸೆಯತೊಡಗಿದೆ. ಬಿಳಿ ಪುಡಿ ನನ್ನ ಕಪ್ಪು ಪ್ಯಾಂಟಿನ ಮೇಲೆ ಬೀಳುತ್ತಿತ್ತು. ಎದುರಿಗೆ ಕೂತು ನೋಡುತ್ತಿದ್ದ ಮಗಳು ಕೇಳಿದರು.

“ವಾದ ಮಾಡಿ ಕಪ್ ಗೆಲ್ಲೋ ಹುಡುಗಿ ನೀವೇ ಏನ್ರಿ?”

ಹೌದು ಅಂದೆ.

“ಇಲ್ಲಿಗೆ ಬಂದ ಮೇಲೂ ಅವ್ವ ನಾಕೈದು ಮನೇಲಿ ಎರೆದ್ಲು. ಹೊಗೆ ಹಾಕಲ್ಲ ಅಂತ ಮೊದಲೇ ಹೇಳಿಬಿಡೋಳು. ಜನ ಜಗಳಕ್ಕೆ ಬರೋರು. ನಮ್ಮ ಓಣಿ ಹುಡುಗಿ ಹೇಳ್ಯಾಳೆ, ವಾದ ಮಾಡಾಕೆ ನಿಂತ್ರೆ ಅವಳನ್ನ ಯಾರೂ ಗೆಲ್ಲಾಕೆ ಆಗಲ್ಲ, ಬೇಕಾದ್ರೆ ಅವಳನ್ನೇ ಕರೆಸ್ತೀನಿ ಅನ್ನೋಳು. ಅರ್ಧ ಜನ ಅದಕ್ಕೇ ಒಪ್ಕಂಡ್ರು, ಅನ್ರಿ.”

ನನ್ನ ಬೆರಳು ಒಂದು ಎಳೆಯ ಮುಳ್ಳನ್ನು ಒತ್ತಿಬಿಟ್ಟಿತು. ಹಕ್ಕಿ ಕೀಚ್ ಅಂದು ಕಚ್ಚಿ, ಮತ್ತೆ ಅಲ್ಲೇ ನಿಂತಿತು. ಕೂಸಿನ ಎದೆಯೂ ಅಷ್ಟೇ ಅಲ್ಲವಾ ಅಂತ ಮೊದಲು ಕೇಳಿದವಳು ಅವಳು, ನಾನಲ್ಲ ಅಂತ ಹೇಳಬೇಕಿತ್ತು. ನನ್ನನ್ನು ಕರೆಸುವ ಸಂದರ್ಭ ಒಮ್ಮೆ ಬಂದಿತ್ತು, ನಾನು ಅದೇ ಕೋಣೆಯಲ್ಲಿದ್ದೆ ಅಂತಲೂ ಹೇಳಬೇಕಿತ್ತು. ಹಕ್ಕಿಯ ತಲೆ ಪೂರ್ತಿ ಬಿಡಿಸುವವರೆಗೂ ಕೂತಿದ್ದು, ಎರಡನ್ನೂ ಹೇಳದೆ ಎದ್ದು ಬಂದೆ. ತಿಂಗಳಿಗೊಮ್ಮೆ ಬಂದು ತಲೆ ಬಿಡಿಸಿಕೊಡ್ತೀನಿ ಅಂದೆ, ಹೋಗುತ್ತಿದ್ದೇನೆ. ದೊಡ್ಡಮ್ಮ ತೀರಿದ ಸುದ್ದಿಯನ್ನು ಮಾತ್ರ ಮನೆಯಲ್ಲಿ ಯಾರಿಗೂ ತಿಳಿಸಲಿಲ್ಲ. ತಿಳಿಸಿದರೆ ಮಗಳು ಹೇಳಿದ್ದನ್ನೂ ಹೇಳಬೇಕಾಗುತ್ತಿತ್ತು.

ಹೋದ ತಿಂಗಳು ಅಕ್ಕನಿಗೆ ಎರಡನೆಯ ಹೆರಿಗೆಯಾಯಿತು. ನಾನು ರಜೆ ಹಾಕಿ ಜಗಳೂರಿಗೆ ಹೋದೆ, ಈ ಸಲ ಮಾತಾಡಲೇಬೇಕು ಅಂತ ತಯಾರಾಗಿ ಹೋದೆ. ಅಕ್ಕನ ಅತ್ತೆ ಸೊಕ್ಕೆಯಿಂದ ಬಂದು ಚೀಲ ಕೆಳಗಿಡುವ ಮೊದಲೇ, ಹೊಗೆ ಗಿಗೆ ಏನೂ ಬೇಡ, ಡಾಕ್ಟ್ರು ಬೇಡ ಅಂದಾರೆ ಅಂತ ತಾವೇ ಹೇಳಿದರು. ಯಾರೂ ಏಕೆ ಅನ್ನಲಿಲ್ಲ. ಇಷ್ಟು ವರ್ಷ ನಾನು ಹೊತ್ತುಕೊಂಡು ತಿರುಗಿದ ವಾದಕ್ಕೆ ಆ ಮನೆಯಲ್ಲಿ ಎದುರಾಳಿಯೇ ಉಳಿದಿರಲಿಲ್ಲ.

ಎರೆಯುವವರೂ ಉಳಿದಿರಲಿಲ್ಲ. ಕೆಳಗಿನ ಓಣಿಯವಳು ಮಂಡಿ ನೋವಿನಿಂದ ಬಿಟ್ಟಿದ್ದಾಳೆ. ಅಮ್ಮ ಪ್ಲಾಸ್ಟಿಕ್ ಟಬ್ಬಿನಲ್ಲಿ ನೀರು ತುಂಬಿ ಕೂಸನ್ನು ಇಳಿಸಿದಳು. ಎಣ್ಣೆ ಹಚ್ಚಿದ ಮೈ ಜಾರಿತು, ಕತ್ತು ಹಿಡಿದರೆ ಕಾಲು ಒದೆಯಿತು, ಕಾಲು ಹಿಡಿದರೆ ಕಿವಿಗೆ ನೀರು. ಕೂಸು ಉಸಿರು ಕಟ್ಟಿ ಅತ್ತಿತು. ನಾನು ಟಬ್ಬಿನ ಆ ಕಡೆ ಕೂತು ತಲೆ ಹಿಡಿದಿದ್ದೆ.

“ನಮ್ಮ ದೊಡ್ಡಮ್ಮನ್ನೇ ಕರೆಸಿಬಿಡಾಣ ಕಣೇ,” ಅಂದಳು ಅಮ್ಮ. “ಆವತ್ತು ನಾನು ತಪ್ಪು ಮಾಡಿದೆ. ಈಗ ಹೊಗೆ ಜಗಳನೂ ಇಲ್ಲ. ನ್ಯಾಮತಿ ನಿಂಗೆ ಹತ್ರ ಅಲ್ವಾ, ನೀನೇ ಹೋಗಿ ಕೇಳು. ನೀನು ಕರೆದ್ರೆ ಬರ್ತಾಳೆ.”

ಕೂಸು ಅಳುತ್ತಲೇ ಇತ್ತು. ಅದರ ತಲೆ ನನ್ನ ಅಂಗೈಯಲ್ಲಿತ್ತು, ಬಿಸಿಯಾಗಿ, ಒದ್ದೆಯಾಗಿ. ಎಲ್ಲಿಯೂ ಎದ್ದು ಹೋಗುವಂತಿರಲಿಲ್ಲ.

“ಅಮ್ಮಾ,” ಅಂದೆ, “ದೊಡ್ಡಮ್ಮ ಇಲ್ಲ.”